ಕರಣಕೋಟದಲ್ಲಿ ಒಂದು ದಿನ: ಎಳೆ ನೀವೇ ಆರಿಸಿ

ಕರಣಕೋಟದಲ್ಲಿ ಕಣ್ಣು ನೆಲದ ಮೇಲಿರಲಿ. ಹೊಲದ ಬದುವಿಗೆ ಕಲ್ಲು, ದನದ ಕೊಟ್ಟಿಗೆಗೆ ಕಲ್ಲು, ಮನೆ ಮುಂದಿನ ಕಟ್ಟೆಗೆ ಕಲ್ಲು, ಚಹಾದಂಗಡಿಯಲ್ಲಿ ಕೂಡುವುದಕ್ಕೂ ಕಲ್ಲು. ಎಲ್ಲವೂ ಚಪ್ಪಟೆ. ಯಾರೋ ಕೂತು ನುಣ್ಣಗೆ ಕೊಯ್ದಿಟ್ಟಂತೆ ಕಾಣುತ್ತವೆ, ಆದರೆ ಅವು ಭೂಮಿಯಿಂದ ಮೇಲೇಳುವುದೇ ಹಾಗೆ. ಹಳೆಯ ಮನೆಗಳ ಪಡಸಾಲೆಯಲ್ಲಿ, ಸರ್ಕಾರಿ ಶಾಲೆಯ ವರಾಂಡದಲ್ಲಿ, ರೈಲು ನಿಲ್ದಾಣಗಳಲ್ಲಿ ನಾವು ತುಳಿದಾಡಿದ ನೀಲಿಬೂದು ಫರಸಿಯ ತವರು ಇದು. ನಮ್ಮ ಕಡೆ ಅದಕ್ಕೆ ಶಹಾಬಾದ್ ಕಲ್ಲು ಎಂಬ ಹೆಸರು, ಇಲ್ಲಿ ತಾಂಡೂರು ಕಲ್ಲು. ಹಾಸು ಒಂದೇ. ಡೈನೋಸಾರ್‌ಗಳು ಹುಟ್ಟುವುದಕ್ಕೂ ಬಹಳ ಹಿಂದೆ ಇಲ್ಲೊಂದು ಸಮುದ್ರವಿತ್ತು. ಅದರ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ನೆಲವಾಗಿದೆ. ಬೇಸಿಗೆಯಲ್ಲಿ ಕೊಡ ನೀರಿಗೆ ಪರದಾಡುವ ಸೀಮೆಯಲ್ಲಿ ನಿಂತು ಕಾಲಡಿಯದು ಕಡಲ ತಳ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಕರಣಕೋಟ ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ತಾಂಡೂರು ಮಂಡಲದಲ್ಲಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡ ಸೀಮೆಗಳು ಹೋದವು. ಜಿಲ್ಲೆ ಬದಲಾದರೂ ಮಾತು ಪೂರ್ತಿ ಬದಲಾಗಲಿಲ್ಲ. ಸಂತೆಯಲ್ಲಿ ಒಂದೇ ಬಾಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಬಂದು ಹೋಗುತ್ತವೆ. ತಾಂಡಾದಿಂದ ಬಂದವರು ಅದಕ್ಕೆ ಲಂಬಾಣಿಯನ್ನೂ ಬೆರೆಸುತ್ತಾರೆ.

ಬ್ಯಾಂಕಾಕ್‌ಗೆ ಹೋದವರ ಮುಂದೆ ಪ್ರವಾಸಿ ಕಂಪನಿಯವರು ಪಟ್ಟಿ ಇಡುತ್ತಾರೆ: ವಾಟ್ ಫೋದ ಮಲಗಿದ ಬುದ್ಧ, ಚಾವೋ ಫ್ರಾಯಾ ನದಿಯ ದೋಣಿ, ತೇಲುವ ಸಂತೆ. ಬೇಕಾದ್ದಕ್ಕೆ ಗುರುತು ಹಾಕಿ ಕೊಟ್ಟರೆ ನಿಮ್ಮ ದಿನ ಸಿದ್ಧ. ಕರಣಕೋಟದ ಸುತ್ತ ಅಂಥ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು. ಹಾಗೆ ಮಾಡುವಾಗ ಊರುಗಳ ಹೆಸರು ಬರೆದುಕೊಂಡು ಓಡಾಡುವುದಕ್ಕಿಂತ ಒಂದು ಎಳೆ ಹಿಡಿದು ಹೋಗುವುದು ಲೇಸು. ಇಲ್ಲಿ ನಾಲ್ಕು ಎಳೆಗಳಿವೆ: ಕಲ್ಲು, ಬೇಳೆ, ನೀರು, ದೇವರು. ಯಾವುದನ್ನು ಹಿಡಿದರೂ ಬೆಳಗಿನಿಂದ ಸಂಜೆಯವರೆಗೆ ದಿನ ತಾನೇ ಕೂಡಿ ಬರುತ್ತದೆ.

ಕಲ್ಲಿನ ಎಳೆ

ಇದನ್ನು ಹಿಡಿದವರು ಬೆಳಿಗ್ಗೆ ಬೇಗ ಗಣಿಗೆ ಹೋಗಬೇಕು, ಬಿಸಿಲೇರಿದ ಮೇಲೆ ಆ ತಗ್ಗಿನಲ್ಲಿ ನಿಲ್ಲಲಾಗದು. ಮಾಲೀಕರನ್ನೋ ಮೇಸ್ತ್ರಿಯನ್ನೋ ಕೇಳಿಯೇ ಇಳಿಯಿರಿ. ಕಪ್ಪು ಮಣ್ಣಿನ ಹೊದಿಕೆ ತೆಗೆದ ಜಾಗದಲ್ಲಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳ ಹಾಗೆ ಹಾಸುಗಲ್ಲು ಕಾಣುತ್ತದೆ. ಒಬ್ಬ ಕೆಲಸಗಾರ ಅಂಚಿನುದ್ದಕ್ಕೂ ಉಳಿ ಇಟ್ಟು ಮೆಲ್ಲಗೆ ಬಡಿಯುತ್ತ ಬರುತ್ತಾನೆ. ಜೋರಾಗಿ ಬಡಿದರೆ ಕಲ್ಲು ಸೀಳುವ ಬದಲು ಒಡೆಯುತ್ತದೆ. ಪ್ರತಿ ಏಟಿಗೂ ಕಿವಿಗೊಡುತ್ತಾನೆ. ಗಟ್ಟಿ ಸಪ್ಪಳ ಇದ್ದಕ್ಕಿದ್ದಂತೆ ಟೊಳ್ಳಾದ ಕಡೆ ಹಾರೆಯ ಮೊನೆ ತೂರಿಸಿ ಒಮ್ಮೆ ಮೀಟಿದರೆ, ಮಂಚದಗಲದ ಹಲಗೆಯೊಂದು ಸರ್ರನೆ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಮೈ ತೇವವಾಗಿ ಹೊಳೆಯುತ್ತದೆ. ಆ ಮೈ ಬೆಳಕು ಕಾಣುತ್ತಿರುವುದು ಇದೇ ಮೊದಲು.

“ನಾವೇನೂ ಕೊಯ್ಯಂಗಿಲ್ರಿ ಸರ. ಎಲ್ಲಿ ಬಿಚ್ಚಬೇಕಂತ ಕಲ್ಲೇ ಹೇಳ್ತದ, ಸಪ್ಪಳ ಕೇಳ್ರಿ,” ಎಂದು ಅವನು ನಕ್ಕ. ನಾನು ಕಿವಿಗೊಟ್ಟೆ, ನನಗೆ ಎಲ್ಲ ಏಟೂ ಒಂದೇ ಥರ ಕೇಳಿಸಿತು.

ನೀಲಿ ಮತ್ತು ಹಳದಿ ಇಲ್ಲಿಯ ಮುಖ್ಯ ಬಣ್ಣಗಳು. ಗಣಿಯಿಂದ ಹೊರಟ ಹಲಗೆ ತಾಂಡೂರಿನ ಪಾಲಿಶ್ ಘಟಕಗಳಲ್ಲಿ ಅಂಚು ಕತ್ತರಿಸಿಕೊಂಡು, ಮೈ ಉಜ್ಜಿಸಿಕೊಂಡು ಲಾರಿ ಏರುತ್ತದೆ. ಅಲ್ಲಿಯ ಧೂಳನ್ನೂ ನೋಡಿ ಬನ್ನಿ. ರಸ್ತೆಯ ಎರಡೂ ಬದಿಗೆ ಒಡಕು ಕಲ್ಲಿನ ಗುಡ್ಡೆಗಳು, ಮಾಸ್ಕಿಲ್ಲದ ಮುಖಗಳ ಮೇಲೆ ಬಿಳಿ ಪುಡಿ. ನಮ್ಮ ನೆಲದ ತಂಪಿಗೆ ಯಾರ ಉಸಿರು ಹೋಗುತ್ತಿದೆ ಎಂಬುದು ಅಲ್ಲಿ ಕಣ್ಣಿಗೇ ಬೀಳುತ್ತದೆ.

ಹಲಗೆಯಾಗದ ಸುಣ್ಣಕಲ್ಲಿಗೆ ಬೇರೆ ದಾರಿ ಇದೆ. ಕರಣಕೋಟದಲ್ಲೇ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್‌ನ ಕಾರ್ಖಾನೆಯಿದೆ, ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ್ದು. ದೂರದಿಂದ ಊರಿನ ಗುರುತು ಅದರ ಚಿಮಣಿಯೇ. ಇಲ್ಲಿಂದ ಪಶ್ಚಿಮಕ್ಕೆ ಸೇಡಂ, ಮಳಖೇಡ, ವಾಡಿಯವರೆಗೆ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ಹೊಗೆಯ ಗುರುತು ಹಿಡಿದೇ ಸುಣ್ಣಕಲ್ಲಿನ ಹಾಸನ್ನು ಅಳೆಯುತ್ತ ಹೋಗಬಹುದು.

ಅದೇ ಜಾಡಿನಲ್ಲಿ ಇಳಿಹೊತ್ತಿಗೆ ಮಳಖೇಡ ಸೇರಿರಿ. ತಾಂಡೂರಿನಿಂದ ಸೇಡಂ ಮೇಲೆ ಹೆಚ್ಚೆಂದರೆ ಎರಡು ತಾಸಿನ ದಾರಿ. ಕಾಗಿಣಾ ದಂಡೆಯ ಈ ಹಳ್ಳಿ ಒಂದು ಕಾಲಕ್ಕೆ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ನರ್ಮದೆಯಾಚೆಗೂ ಸೈನ್ಯ ನಡೆಸಿದ ರಾಷ್ಟ್ರಕೂಟರ ಊರಿನಲ್ಲಿ ಈಗ ಕೋಟೆಯ ಗೋಡೆಗೆ ಒರಗಿ ಮೇಕೆಗಳು ಮಲಗಿರುತ್ತವೆ. ಆ ಗೋಡೆಯನ್ನು ಹತ್ತಿರ ಹೋಗಿ ಮುಟ್ಟಿ ನೋಡಿ. ಬೆಳಿಗ್ಗೆ ಗಣಿಯಲ್ಲಿ ಬಿಚ್ಚಿಕೊಂಡದ್ದೇ ಕಲ್ಲು, ಅದೇ ಚಪ್ಪಟೆ ಮೈ, ಅದೇ ಬೂದು ಬಣ್ಣ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಆಸ್ಥಾನದಲ್ಲಿ. ಅದು ಕನ್ನಡ ನಾಡಿನ ಉತ್ತರದ ಮೇರೆಯನ್ನು ಗೋದಾವರಿಯ ತನಕ ಒಯ್ದು ನಿಲ್ಲಿಸುತ್ತದೆ. ಆ ಲೆಕ್ಕಕ್ಕೆ ಕರಣಕೋಟ ಗಡಿಯೂರೇ ಅಲ್ಲ, ಒಳನಾಡು. ಕೋಟೆ ನೋಡಿದವರು ನೇಮಿನಾಥ ಬಸದಿಯನ್ನೂ ನದಿದಂಡೆಯ ಉತ್ತರಾದಿ ಮಠವನ್ನೂ ಬಿಡಬಾರದು.

ಬೇಳೆಯ ಎಳೆ

ಇದಕ್ಕೆ ಕಾಲ ನೋಡಿ ಬರಬೇಕು. ಮುಂಗಾರಿಗೆ ಬಿತ್ತಿದ ತೊಗರಿ ದೀಪಾವಳಿಯ ಹೊತ್ತಿಗೆ ಹಳದಿ ಹೂ ತಳೆದು ಹೊಲಗಳನ್ನೆಲ್ಲ ಆವರಿಸುತ್ತದೆ, ಡಿಸೆಂಬರ್–ಜನವರಿಗೆ ಕಟಾವು. ಸುಣ್ಣಕಲ್ಲಿನ ಮೇಲೆ ಕೂತ ಈ ಕರಿಮಣ್ಣಿನ ಗುಣವೇ ಬೇಳೆಗೆ ರುಚಿಯಾಗಿ ಇಳಿಯುತ್ತದೆ ಎಂಬುದು ಇಲ್ಲಿಯ ರೈತರ ನಂಬಿಕೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ. ಒಂದೇ ಜಿಲ್ಲೆಯಾಗಿದ್ದ ನೆಲ ಎರಡು ರಾಜ್ಯಗಳ ಹೆಸರಿನಲ್ಲಿ ಎರಡು ಸಲ ಮಾನ್ಯತೆ ಪಡೆಯಿತು.

ತಾಂಡೂರಿನ ದಾಲ್ ಮಿಲ್‌ಗಳ ಓಣಿಯಲ್ಲಿ ಹೊಟ್ಟಿನ ಘಮಕ್ಕೇ ಹಸಿವಾಗುತ್ತದೆ. ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ, ಖಾನಾವಳಿ ಸಾಕು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದ ತೊಗರಿಬೇಳೆ. ಎಳ್ಳಮಾವಾಸ್ಯೆಗೆ ಬಂದರಂತೂ ಕಲಬುರಗಿ–ಬೀದರ್ ಸೀಮೆಯ ಸಂಸಾರಗಳು ಸಜ್ಜೆರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲದಲ್ಲೇ ಪಂಕ್ತಿ ಕೂತಿರುತ್ತವೆ. ದಾರಿಹೋಕರನ್ನೂ “ಬರ್ರಿ, ಊಟ ಮಾಡಿ ಹೋಗ್ರಿ” ಎಂದು ಕರೆಯುತ್ತಾರೆ. ಒಲ್ಲೆ ಎನ್ನಬೇಡಿ.

ಬೇಳೆಯಿಂದ ಸಿರಿಧಾನ್ಯದ ಕಡೆ ಹೊರಳುವವರು ಬಂಡಿಯನ್ನು ಜಹೀರಾಬಾದಿಗೆ ತಿರುಗಿಸಲಿ. ಅಲ್ಲಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ಹಳ್ಳಿಯ ದಲಿತ ಹೆಂಗಸರು ನವಣೆ, ಸಾಮೆ, ಹಾರಕದ ಹಳೆಯ ತಳಿಗಳನ್ನು ಗಡಿಗೆಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಮಾಚನೂರಿನಲ್ಲಿ 2008ರಿಂದ ಅವರೇ ನಡೆಸುವ ಸಂಘಂ ರೇಡಿಯೋ ಇದೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಹುಟ್ಟಿದ್ದು ಮೈಸೂರಿನಲ್ಲಿ. ದೂರದರ್ಶನದ ಕೆಲಸ ಬಿಟ್ಟು ಈ ಬರಡು ಸೀಮೆಗೆ ಬಂದವರು 2023ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಊರು ಮಾಡಿಕೊಂಡಿದ್ದರು. ಸಂಕ್ರಾಂತಿಯ ಹೊತ್ತಿಗೆ ಹೋದರೆ ಬಿತ್ತನೆಕಾಳಿನ ಗಡಿಗೆ ಹೊತ್ತ, ಸಿಂಗರಿಸಿದ ಎತ್ತಿನ ಬಂಡಿಗಳ ಜಾತ್ರೆ ಹಳ್ಳಿಯಿಂದ ಹಳ್ಳಿಗೆ ಸಾಗುವುದು ಕಾಣಸಿಗುತ್ತದೆ.

ನೀರಿನ ಎಳೆ

ಇದು ಮಕ್ಕಳಿರುವ ಸಂಸಾರಗಳಿಗೆ ಹೇಳಿಮಾಡಿಸಿದ್ದು. ಪೂರ್ವಕ್ಕೆ ವಿಕಾರಾಬಾದಿನ ಅನಂತಗಿರಿ ಗುಡ್ಡ, ಅದರ ಮೇಲೆ ಅನಂತ ಪದ್ಮನಾಭನ ಗುಡಿ. ಹೈದರಾಬಾದಿನ ಮೂಸಿ ನದಿ ಹುಟ್ಟುವುದು ಈ ಗುಡ್ಡದಲ್ಲಿ. ಮೂಸಿ ಮೂಡಣಕ್ಕೆ ಇಳಿದು ಚಾರ್‌ಮಿನಾರಿನ ಹತ್ತಿರದಿಂದ ಸಾಗಿದರೆ, ಇದೇ ಗುಡ್ಡಸೀಮೆಯ ಕಾಗಿಣಾ ಪಡುವಣಕ್ಕೆ ತಿರುಗಿ ತಾಂಡೂರು ದಾಟಿ ಮಳಖೇಡದ ಕೋಟೆ ಮುಟ್ಟಿ ಭೀಮೆಗೆ ಸೇರುತ್ತದೆ. ಬೆನ್ನು ತಿರುಗಿಸಿ ಹೊರಟ ಎರಡೂ ನೀರು ಕೊನೆಗೆ ಕೃಷ್ಣೆಯ ಮಡಿಲಿಗೇ ಬೀಳುತ್ತವೆ. ಗುಡ್ಡದ ನೆತ್ತಿಯಲ್ಲಿ ನಿಂತು ಮಕ್ಕಳಿಗೆ ಎರಡೂ ದಿಕ್ಕು ತೋರಿಸಿ ಇದನ್ನು ಹೇಳಿ. ಭೂಪಟ ಅವರ ತಲೆಯಲ್ಲಿ ಕೂತುಬಿಡುತ್ತದೆ. ಕೋಟಪಲ್ಲಿ ಜಲಾಶಯದಲ್ಲಿ ಪುಟ್ಟ ದೋಣಿಗಳಿವೆ, ಹುಟ್ಟು ಹಾಕಬಹುದು.

ಕಾಡೇ ಬೇಕೆನ್ನುವವರಿಗೆ ಕರ್ನಾಟಕದ ಬದಿಗೆ ಚಿಂಚೋಳಿ ಇದೆ. 2011ರಲ್ಲಿ ಅಭಯಾರಣ್ಯವಾದ ಸುಮಾರು 135 ಚದರ ಕಿಲೋಮೀಟರ್‌ನ ಕಾಡು, ಅದರೊಳಗೆ ಚಂದ್ರಂಪಳ್ಳಿ ಜಲಾಶಯ. ಬಿಸಿಲುನಾಡೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ತೇಗ, ಚಂದನಗಳ ಹಸಿರು ನೋಡಿ ಬೆರಗಾಗದೆ ಇರುವವರಿಲ್ಲ. ಮಳೆ ಮುಗಿದ ಹೊಸದರಲ್ಲಿ ಹೋದರೆ ಜಲಾಶಯ ತುಂಬಿರುತ್ತದೆ.

ದೇವರ ಎಳೆ

ಹಿರಿಯರು ಜೊತೆಗಿದ್ದರೆ ತಾಂಡೂರಿನ ಭಾವಿಗಿ ಭದ್ರೇಶ್ವರನ ಗುಡಿಯಿಂದ ದಿನ ತೊಡಗಲಿ. ಅಲ್ಲಿಂದ ಉತ್ತರಕ್ಕೆ ಜಹೀರಾಬಾದ್ ಬಳಿಯ ಝರಾಸಂಗಮದ ಕೇತಕಿ ಸಂಗಮೇಶ್ವರ. ಸುಳ್ಳುಸಾಕ್ಷಿ ಹೇಳಿ ಶಾಪ ಪಡೆದ ಕೇದಗೆ ಶಿವಪೂಜೆಗೆ ಸಲ್ಲದು ಎಂದು ಎಲ್ಲ ಕಡೆ ಕೇಳಿದ್ದೇವೆ. ಆದರೆ ಇಲ್ಲಿ ಅದೇ ಹೂವು ಲಿಂಗದ ಮೇಲೇರುತ್ತದೆ, ದೇವರ ಹೆಸರಿನಲ್ಲೇ ಕೂತಿದೆ. ಗುಡಿಯ ಹಿಂದಿನ ಗುಂಡದ ನೀರಿನಲ್ಲಿ ಮಿಂದ ರಾಜನ ಚರ್ಮರೋಗ ವಾಸಿಯಾಯಿತೆಂಬುದು ಸ್ಥಳಪುರಾಣ. ಮೆಟ್ಟಿಲ ಮೇಲೆ ಅರಿಶಿನ ಕುಂಕುಮ ಹಿಡಿದು ಕೂತ ಹೆಂಗಸರ ಮಾತಿಗೆ ಕಿವಿಗೊಟ್ಟರೆ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಸುತ್ತವೆ. ಇದು ದೂರದ ದಾರಿಯಾದ್ದರಿಂದ ಈ ಎಳೆ ಹಿಡಿದವರು ಅದೇ ದಿನ ಮಳಖೇಡದ ಆಸೆ ಬಿಡಬೇಕು.

ಹೊರಡುವ ಮುನ್ನ

ತಾಂಡೂರಿಗೆ ರೈಲಿನಲ್ಲಿ ಬರುವುದೇ ಚೆಂದ. 1874ರಲ್ಲಿ ನಿಜಾಮರ ಹಣದಿಂದ ತೆರೆದ ವಾಡಿ–ಸಿಕಂದರಾಬಾದ್ ಹಳಿ ಇದು. ಈ ಊರಿನ ಕಲ್ಲು ಹೊರಗಿನ ಪೇಟೆಗಳನ್ನು ಕಂಡದ್ದರಲ್ಲಿ ಈ ಹಳಿಯ ಪಾಲು ದೊಡ್ಡದು. ನಿಲ್ದಾಣದ ಹೊರಗೆ ಆಟೋಗಳು ಸಿಗುತ್ತವೆ. ಇಡೀ ದಿನಕ್ಕಾದರೆ ಕಾರು ಗೊತ್ತು ಮಾಡಿ, ಗಡಿ ದಾಟುವುದಿದ್ದರೆ ಚಾಲಕನಿಗೆ ಮೊದಲೇ ಹೇಳಿ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ, ಏಪ್ರಿಲ್–ಮೇ ತಿಂಗಳಲ್ಲಿ ಕಲ್ಲು ಕಾದು ಕಾಲಿಡಲಾಗದು. ಕಾರ್ಖಾನೆಯೊಳಗೆ ಅನುಮತಿ ಇಲ್ಲದೆ ಬಿಡುವುದಿಲ್ಲ. ನೀರು, ಟೊಪ್ಪಿಗೆ, ಗಟ್ಟಿ ಚಪ್ಪಲಿ ಮರೆಯಬೇಡಿ.

ಮೊದಲ ಸಲ ಬರುವವರು ಕಲ್ಲಿನ ಎಳೆಯನ್ನೇ ಹಿಡಿಯಲಿ ಎಂಬುದು ನನ್ನ ಮಾತು. ಬೆಳಿಗ್ಗೆ ಕರಣಕೋಟದ ಗಣಿ, ನಡುಹೊತ್ತಿಗೆ ತಾಂಡೂರಿನ ರೊಟ್ಟಿ–ಬೇಳೆ, ಇಳಿಹೊತ್ತಿಗೆ ಮಾನ್ಯಖೇಟ. ನಾಲ್ಕೂ ಎಳೆಗಳನ್ನು ಒಂದೇ ದಿನಕ್ಕೆ ತುರುಕಿದರೆ ಕಾರಿನ ಕಿಟಕಿ ನೋಡಿ ಬಂದಂತಾಗುತ್ತದೆ. ಒಂದನ್ನು ಆರಿಸಿ ನಿಧಾನವಾಗಿ ನೋಡಿ, ಉಳಿದ ಮೂರಕ್ಕೆ ಮತ್ತೆ ಬನ್ನಿ.