ಸರ್ವರಿನ ವಿಳಾಸ

ವಿಳಾಸವೆಂದರೆ ಕಾಗದದ ಲಕೋಟೆಯ ಮೇಲೆ ಬರೆಯುವುದೆಂದಷ್ಟೇ ತಿಳಿದಿದ್ದವನು ನಾನು. ಅಂಚೆಯ ಪಿನ್ ಸಂಖ್ಯೆ ಬಂದದ್ದು 1972ರಲ್ಲಿ. ಮಧುಗಿರಿಗೆ 572132, ಶಿರಾಕ್ಕೆ 572137, ಕೊರಟಗೆರೆಗೆ 572129. ಪಾವಗಡಕ್ಕೆ ಮಾತ್ರ 561202. ಜಿಲ್ಲೆ ಒಂದೇ ಆದರೂ ಸಂಖ್ಯೆಯ ಗುಂಪು ಬೇರೆ. “ನೀನು ನಮ್ಮವನಲ್ಲವೋ” ಎಂದು ಪಾವಗಡದ ಗೆಳೆಯನನ್ನು ನಾವು ರೇಗಿಸುತ್ತಿದ್ದುದುಂಟು.

ನಮ್ಮ ಕಾಲೇಜಿನ ಪುಸ್ತಕಭಂಡಾರದ ಲೆಕ್ಕವೆಲ್ಲ ಒಂದು ಕಂಪ್ಯೂಟರಿನ ಡೇಟಾಬೇಸಿನಲ್ಲಿತ್ತು. ಅದನ್ನು ಕಚೇರಿಗೂ ಕಾಣಿಸುವ ಕೆಲಸ, ಅಷ್ಟಿಷ್ಟು ಬಲ್ಲವನೆಂಬ ಅಪವಾದ ಹೊತ್ತ ನನ್ನ ಪಾಲಿಗೆ ಬಂತು. ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶ ಹುಟ್ಟಿನಿಂದ ಬಲು ಸಂಕೋಚದ್ದು, 127.0.0.1, ಎಂದರೆ ತನ್ನ ಮನೆಯೊಳಗಿನ ದನಿಗಲ್ಲದೆ ಬೇರೆ ಕರೆಗೆ ಓಗೊಡದು. ಕೇಳಬೇಕಾದ ವಿಳಾಸವನ್ನು ಬರೆಯುವ ಸಾಲೊಂದಿದೆ. ಅಲ್ಲಿದ್ದುದನ್ನು ಅಳಿಸಿ, ಆ ದಿನ ಯಂತ್ರಕ್ಕಿದ್ದ 192.168.1.20 ಎಂಬುದನ್ನು ಬರೆದೆ. (192.168ರ ಸಂಖ್ಯೆಗಳು ಒಳಬಳಕೆಗೆ ಬಿಟ್ಟವು. ಊರೂರಿಗೂ ಒಂದು ಪೇಟೆಬೀದಿ ಇರುವ ಹಾಗೆ.) ಕಚೇರಿಯವರಿಗೆ ಬಾಗಿಲನ್ನೂ ತೆರೆದೆ. ಪಟ್ಟಿ ಮೂಡಿತು, ಗುಮಾಸ್ತರು ಕಾಫಿ ಕೊಡಿಸಿದರು. ನನಗಾಗ ಮೀಸೆಯಿದ್ದಿದ್ದರೆ ತಿರುವುತ್ತಿದ್ದೆ!

ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಅಂದೇ ಆ ಪಾವಗಡದ ಗೆಳೆಯ ಪುಸ್ತಕ ಬಾಕಿಯಿಲ್ಲವೆಂಬ ಪತ್ರಕ್ಕೆ ಬಂದಿದ್ದ. ಅದಿಲ್ಲದೆ ಟಿ.ಸಿ. ಇಲ್ಲ, ಬಿ.ಎಡ್.ಗೆ ಅರ್ಜಿ ಕೊಡಲು ಮರುದಿನವೇ ಕೊನೆ. ಡೇಟಾಬೇಸು ಕಚೇರಿಯಲ್ಲಷ್ಟೇ ಅಲ್ಲ, ತನ್ನ ಮನೆಯಲ್ಲೂ ಬಾಯಿ ಬಿಡಲಿಲ್ಲ. “ಏನಪ್ಪಾ, ನೀನು ಮುಟ್ಟಿದ ಮೇಲೇ ಹೀಗಾಯಿತಲ್ಲ” ಎಂದರು ಗುಮಾಸ್ತರು. ನಾನು ವೈರುಗಳನ್ನು ಕಿತ್ತು ಸಿಕ್ಕಿಸಿದೆ; ಯಂತ್ರವನ್ನು ಮೂರು ಸಲ ಆರಿಸಿ ಹೊತ್ತಿಸಿದೆ. ಗೆಳೆಯ ಏನೂ ಅನ್ನಲಿಲ್ಲ; ಗಡಿಯಾರ ನೋಡುತ್ತಿದ್ದ. ಬೈದಿದ್ದರೆ ಸುಖವಾಗಿರುತ್ತಿತ್ತು.

ಸಂಜೆ ದಿನಚರಿಯ ಕಡತ ತೆರೆದಾಗ ಕಂಡಿತು: ಕೇಳಿದ ವಿಳಾಸ ಈ ಯಂತ್ರಕ್ಕಿಲ್ಲ. ರೌಟರು ವಿಳಾಸಗಳನ್ನು ಕೊಡುತ್ತಿದ್ದುದು ಬಾಡಿಗೆಗೆ. ಕರೆಂಟು ಹೋಗಿ ಬಂದಾಗ 20ನ್ನು ಪ್ರಿಂಟರಿಗೆ ಕೊಟ್ಟು, ಸರ್ವರಿಗೆ 23 ಕೊಟ್ಟಿತ್ತು. ನಾನು ಬಾಡಿಗೆಮನೆಯ ನಂಬರನ್ನು ಕಲ್ಲಿನ ಮೇಲೆ ಕೆತ್ತಿಸಿದ್ದೆ! ಬಾಡಿಗೆಯ ಸಾಲಿನಾಚೆಯ 192.168.1.200ನ್ನು ಸರ್ವರಿಗೆ ಕಾಯಂ ಮಾಡಿದೆ. ಮನೆಯೊಳಗಿನ ವಿಳಾಸವನ್ನೂ ಮರಳಿ ಸೇರಿಸಿದೆ. ಗಾಬರಿಯಲ್ಲಿ ಲೋಕದ ಯಾರು ಬಂದರೂ ಸರಿಯೆಂದು ಬಾಗಿಲು ಹಾರುಹೊಡೆದಿದ್ದೆ. ಮೇಷ್ಟರು ಗದರಿಸಿದ ಮೇಲೆ ಕಚೇರಿಯ ಯಂತ್ರಗಳಿಗಷ್ಟೇ ಬಿಟ್ಟೆ.

ಪತ್ರವೇನೋ ಸಿಕ್ಕಿತು, ಅಷ್ಟರಲ್ಲಿ ಟಿ.ಸಿ.ಗೆ ಸಹಿ ಹಾಕಬೇಕಾದವರು ಮನೆಗೆ ಹೋಗಿದ್ದರು. ಗೆಳೆಯ ನನ್ನ ಕೋಣೆಯಲ್ಲೇ ಮಲಗಿದ. ಬೆಳಗ್ಗೆ ಸಹಿಯಾದೊಡನೆ ಬಸ್ಸಿಗೆ ಓಡಿದ. ಹೊತ್ತಿಗೆ ಮುಟ್ಟಿದನೋ ಇಲ್ಲವೋ, ಫೋನಿನಲ್ಲಿ ಕೇಳಲು ನನಗೆ ಧೈರ್ಯವಾಗಲಿಲ್ಲ. ಕಾಗದ ಬರೆದೆ. ಲಕೋಟೆಯ ಮೇಲೆ ಅಭ್ಯಾಸಬಲದಿಂದ 572 ಎಂದು ಬರೆದು, ಹೊಡೆದುಹಾಕಿ, 561202 ಎಂದು ತಿದ್ದಿದೆ.