ಹವಾಲ್ದಾರರು ಎದ್ದುಹೋದ ಕುರ್ಚಿ

ನಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಎರಡೇ ಸಾಲು: ಇಂಥವರು ನಿವೃತ್ತಿ, ಅವರ ಜಾಗಕ್ಕೆ ಇಂಥವರು. ಓದಿ ಹೇಳಿದ್ದೇ ತಡ, ಅಮ್ಮನ ಮುಖ ಸಣ್ಣದಾಯಿತು.

ನಿವೃತ್ತರಾದ ಆ ಗುಮಾಸ್ತರು ಮಾಜಿ ಹವಾಲ್ದಾರರು. ಅಪ್ಪ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಓಡಾಡುವಾಗ ತೊಡಕು ಬಂದದ್ದು ಹೆಸರಿನದು. ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಅಮ್ಮ ಪಾರ್ವತಿ, ಆಧಾರಿನಲ್ಲಿ ಪಾರ್ವತವ್ವ. ಮಡಿಕೆಯಲ್ಲೆಲ್ಲ ಸವೆದಿದ್ದ ಆ ಪುಸ್ತಕವನ್ನು ಅವರು ಎರಡೂ ಕೈಯಲ್ಲಿ ಹಿಡಿದು ತೆರೆದರು. "ಹೆದರಬೇಡಿ ಅಕ್ಕಾ, ಅಫಿಡವಿಟ್ ಮಾಡಿಸೋಣ. ರೆಕಾರ್ಡ್ ಆಫೀಸಿಗೆ ನಾನೇ ಬರೀತೀನಿ" ಅಂದರು. ಹೆಬ್ಬೆಟ್ಟು ಒತ್ತಿಸಿದ ಮೇಲೆ ಮಸಿ ಒರೆಸಿಕೊಳ್ಳಲು ತಮ್ಮ ಕರವಸ್ತ್ರವನ್ನೇ ಕೊಟ್ಟರು.

ಈಗ ಸೈನಿಕರ ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲೇಬೇಕು. ಅಮ್ಮನಂಥವರಿಗೆ ಆ ಪರದೆಗಿಂತ, ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎನ್ನುವುದೇ ದೊಡ್ಡದು. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಎದೆಗೆ ಪುಟ್ಟ ಬಾವುಟ ಸಿಕ್ಕಿಸಿಕೊಳ್ಳುವಾಗ ಇಂಥ ಗುಮಾಸ್ತರನ್ನೂ ನೆನೆಯಬೇಕು ಅನ್ನಿಸುತ್ತದೆ ನನಗೆ.

ಹೊಸಬರು ಅಮ್ಮನ ಫೈಲು ತೆಗೆದರು. ಮೇಲೆ ಹಳಬರ ಕೈಬರಹದಲ್ಲಿ ಪೆನ್ಸಿಲಿನ ಒಂದು ಟಿಪ್ಪಣಿ: "ಕಿವಿ ಮಂದ, ಜೋರಾಗಿ ಮಾತಾಡಿ."