ಊರಿನ ಹೆಸರಿಗೊಂದು ವಿಭಕ್ತಿ

ಬೆಂಗಳೂರಿನಿಂದ ಮೈಸೂರಿನ ಹಾದಿ ಹಿಡಿದವರಿಗೆ ಬಿಡದಿ ದಾಟಿದ ಸ್ವಲ್ಪ ಹೊತ್ತಿಗೆ ಬೋಳುಬಂಡೆಯ ಬೆಟ್ಟಗಳು ಎದುರಾಗುತ್ತವೆ. ಕಳೆದ ಕಾರ್ತಿಕದ ಒಂದು ಭಾನುವಾರ, ಗ್ರೀಕ್ ವ್ಯಾಕರಣದ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ನಾನು ಆ ಹಾದಿಯ ಬಸ್ಸಿನಲ್ಲಿ ಕುಳಿತಿದ್ದೆ. ಕನ್ನಡ ಮೇಷ್ಟರಿಗೆ ಗ್ರೀಕ್ ಏತಕ್ಕೆಂದು ವಾಚಕರು ನಗಬಹುದು, ಮನೆಯಾಕೆಯೂ ನಕ್ಕಿದ್ದಳು.

ಅಥೆನ್ಸಿನ ಪ್ರಾಚೀನ ಹೆಸರು 'ಅಥೇನಾಯ್'. ಊರು ಒಂದೇ, ರೂಪ ಬಹುವಚನದ್ದು! ಅಥೆನ್ಸಿಗೆ ಎನ್ನಲು 'ಅಥೇನಾಜೆ', ಅಥೆನ್ಸಿನಲ್ಲಿ ಎನ್ನಲು 'ಅಥೇನೇಸಿ', ಅಥೆನ್ಸಿನಿಂದ ಎನ್ನಲು 'ಅಥೇನೇಥೆನ್'. ಸಾಮಾನ್ಯವಾಗಿ ಹೆಸರಿನ ಮುಂದೆ ಅವ್ಯಯವನ್ನಿಡುವ ಆ ಭಾಷೆ, ನಾಲಗೆಯಲ್ಲಿ ಸವೆದ ಕೆಲವು ಹೆಸರುಗಳಿಗೆ ಮಾತ್ರ ಈ ಹಳೆಯ ಪ್ರತ್ಯಯಗಳನ್ನು ಉಳಿಸಿಕೊಂಡಿತು.

ರಾಮನಗರದ ಬಸ್ ನಿಲ್ದಾಣದಲ್ಲಿ ಇಳಿದಾಗ ಈ ಪಾಠವೇ ಕಿವಿಗೆ ಬಿತ್ತು. ಒಬ್ಬರು ಮಾಗಡಿಗೆ, ಇನ್ನೊಬ್ಬರು ಚನ್ನಪಟ್ಟಣಕ್ಕೆ, ಮತ್ತೊಬ್ಬರು ಬೆಂಗಳೂರಿಗೆ. 'ಗೆ', 'ಕ್ಕೆ', 'ಇಗೆ'ಗಳನ್ನು ಅವರಿಗೆ ಯಾವ ಮೇಷ್ಟರೂ ಕಲಿಸಿರಲಿಲ್ಲ.

ಈ ಊರು ಹಿಂದೆ ಕ್ಲೋಸ್‌ಪೇಟೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟರಾಗಿ ಬಂದ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಸೇನಾಧಿಕಾರಿಯ ಹೆಸರು. ದೊರೆಯ ಹೆಸರು ಪರದೇಶಿಯಾದರೇನು, ಬಾಲದಲ್ಲಿ ನಮ್ಮ 'ಪೇಟೆ' ಇತ್ತು. ಜನ ಕ್ಲೋಸ್‌ಪೇಟೆಗೆ ಹೋದರು, ಕ್ಲೋಸ್‌ಪೇಟೆಯಿಂದ ಬಂದರು. ಹೆಸರು ರಾಮನಗರವಾದಾಗ 'ಗೆ' ಹೋಗಿ 'ಕ್ಕೆ' ಬಂತು. ಭೂವಿಜ್ಞಾನಿಗಳು ಮಾತ್ರ ಇಲ್ಲಿನ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಯಾದರೋ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು.

ಕನಕಪುರಕ್ಕೂ ಇದೇ ಕಥೆ. ನಮ್ಮ ಅಜ್ಜಿ ಕೊನೆಯ ದಿನಗಳಲ್ಲಿ, "ನನ್ನ ಕಾನಕಾನಹಳ್ಳಿಗೆ ಕರ್ಕೊಂಡ್ ಹೋಗ್ರಪ್ಪಾ" ಎಂದು ಹಲುಬುತ್ತಿದ್ದರು. ಕೇಳಿ ಹೇಳುವ ಹಿರಿಯರು ಮನೆಯಲ್ಲಿ ಉಳಿದಿರಲಿಲ್ಲ. ಯಾವುದೋ ಮರೆತ ಹಳ್ಳಿಯಿರಬೇಕೆಂದು ನಾವು ಮೊಮ್ಮಕ್ಕಳು ಸುಮ್ಮನಾದೆವು. ಅವರು ತೀರಿಕೊಂಡ ಮರುವರ್ಷ ಹಳೆಯ ಕ್ರಯಪತ್ರವೊಂದನ್ನು ಬಿಡಿಸಿ ಓದುವಾಗ ತಿಳಿಯಿತು, ಅದು ಕನಕಪುರದ ಹಿಂದಿನ ಹೆಸರೆಂದು. ಮನೆಯಿಂದ ಎರಡು ಗಂಟೆಯ ದಾರಿ! ಎಂ.ಎ. ಓದಿದ ಮೊಮ್ಮಗನಿಗೆ ಅದು ಹೊಳೆದಿರಲಿಲ್ಲ.

ಅಜ್ಜಿಯ ತವರಿನ ಬೀದಿಯನ್ನು ನೋಡಲೆಂದೇ ಅಂದು ಹೊರಟದ್ದು. ಬಸ್ಸು ಬದಲಾಯಿಸಿ ಹತ್ತಿದವನು ಕಂಡಕ್ಟರಿಗೆ, "ಕಾನಕಾನಹಳ್ಳಿಗೆ ಒಂದು ಕೊಡಪ್ಪಾ" ಎಂದೆ. ಹುಡುಗ ಕಣ್ಣು ಕಣ್ಣು ಬಿಟ್ಟ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಮುದುಕರೊಬ್ಬರು ಮುಂದಕ್ಕೆ ಬಾಗಿ, "ಕನಕ್‌ಪುರಕ್ಕೆ ಕೊಡೋ ಮಗಾ" ಎಂದರು.